ಮಾತನಾಡದ ಮಗುವಿನಿಂದ ಕಲಿತ ಪಾಠ

ಸ್ಮರಣಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆದುಕೊಡುವ ಲೇಖನದಲ್ಲಿ ಪರೀಕ್ಷೆಯ ಫಲಿತಾಂಶ, ಹೊಸ ಕೊಠಡಿಗಳ ನಿರ್ಮಾಣ, ಪಂದ್ಯಗಳಲ್ಲಿ ಬಂದ ಬಹುಮಾನ ಮೊದಲಾದ ಸಂಗತಿಗಳಿರುವುದು ವಾಡಿಕೆಯಷ್ಟೆ. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ವಿವರವಾಗಿ ಬಂದಿರುವುದರಿಂದ ಅವನ್ನೇ ಮತ್ತೆ ಹೇಳಿ ನಿಮ್ಮನ್ನು ಬೇಸರಪಡಿಸಲಾರೆನು. ಈ ಸಲ ನನ್ನಿಂದ ನಡೆದುಹೋದ ಒಂದು ತಪ್ಪನ್ನೂ, ಆ ತಪ್ಪನ್ನು ನನಗೆ ತೋರಿಸಿಕೊಟ್ಟ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಕೆಲಸವನ್ನೂ ಕುರಿತು ನಾಲ್ಕು ಮಾತು ಬರೆಯಲು ಅಪೇಕ್ಷಿಸುತ್ತೇನೆ. ತಾಯ್ತಂದೆಗಳೂ, ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಇದನ್ನು ಸಾವಧಾನವಾಗಿ ಓದಬೇಕೆಂದು ಬೇಡುತ್ತೇನೆ.

ಇಲ್ಲಿ ಬರುವ ಕುಟುಂಬದವರ ಅನುಮತಿಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಗುರುತು ಸಿಕ್ಕದಂತೆ ಕೆಲವು ವಿವರಗಳನ್ನು ಮರೆಸಿದ್ದೇನೆ. ನಮ್ಮ ಹಳೆಯ ವಿದ್ಯಾರ್ಥಿನಿಯಂತೂ ತನ್ನ ಹೆಸರು ಎಲ್ಲಿಯೂ ಬರಕೂಡದೆಂದು ಕಟ್ಟಪ್ಪಣೆ ಮಾಡಿದ್ದಾಳೆ. ಆಕೆಯು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಳೆಯ ಮಕ್ಕಳ ಮನಸ್ಸಿನ ತೊಂದರೆಗಳಿಗೆ ಚಿಕಿತ್ಸೆ ಮಾಡುವವಳು. ಸೂಜಿಯಿಲ್ಲ, ಗುಳಿಗೆಯಿಲ್ಲ, ಮಗುವಿನೊಡನೆ ಆಟ, ಮನೆಯವರೊಡನೆ ಮಾತು, ಇವೇ ಆಕೆಯ ಸಾಧನಗಳು. ಕೆಲವು ವರ್ಷಗಳ ಹಿಂದೆ ಬಹುಮಾನ ಹಂಚುವ ದಿನ ಆಕೆ ಇಲ್ಲಿಗೆ ಬಂದಿದ್ದಾಗ, “ಅಷ್ಟು ಚಿಕ್ಕ ಮಕ್ಕಳಿಗೂ ಮನಸ್ಸಿನ ಕಾಯಿಲೆ ಇರುವುದುಂಟೇ?” ಎಂದು ನಾನು ನಕ್ಕು ಕೇಳಿದ್ದೆನು. “ಟೀಚರ್, ಮಕ್ಕಳ ಹಲ್ಲು ನೋಡುವವರಿದ್ದಾರೆ, ಕಣ್ಣು ನೋಡುವವರಿದ್ದಾರೆ. ಅವರ ಅಂಜಿಕೆಯನ್ನು ನೋಡುವವರು ಮಾತ್ರ ಬೇಡವೇ?” ಎಂದು ಆಕೆಯೂ ನಗುತ್ತಲೇ ಉತ್ತರ ಕೊಟ್ಟಳು. ಆ ಮಾತಿನ ಅರ್ಥ ನನಗೆ ಆಗ ತಿಳಿಯಲಿಲ್ಲ.

ನಮ್ಮ ಹೈಸ್ಕೂಲಿಗೆ ಸೇರಿದ ಪ್ರಾಥಮಿಕ ಶಾಲೆಯ ಒಂದನೆಯ ತರಗತಿಗೆ ಒಂದು ಜೂನ್ ತಿಂಗಳಲ್ಲಿ ಆರು ವರ್ಷದ ಬಾಲಿಕೆಯೊಬ್ಬಳು ಸೇರಿದಳು. ಎಣ್ಣೆ ಹಚ್ಚಿ ಬಾಚಿದ ಎರಡು ಜಡೆ, ಶುಭ್ರವಾದ ಬಟ್ಟೆ, ಮುದ್ದಾದ ಅಕ್ಷರ. ಹಾಜರಿ ಕರೆಯುವಾಗ ಮಾತ್ರ ಆಕೆ “ಬಂದಿದ್ದೇನೆ” ಎನ್ನಲಿಲ್ಲ. ಹೆಸರು ಕೇಳಿದರೆ ಹೇಳಲಿಲ್ಲ, ಪದ್ಯ ಹೇಳಿಸಿದರೆ ತುಟಿ ಅಲುಗಲಿಲ್ಲ, ನೀರಡಿಕೆಯಾದರೂ ಕೇಳಲಿಲ್ಲ. ಮನೆಯಲ್ಲಿ ತುಳು ಆಡುವ ಮಕ್ಕಳು ಮೊದಲ ಕೆಲವು ವಾರ ಕನ್ನಡದಲ್ಲಿ ಬಾಯಿಬಿಡಲು ಹಿಂಜರಿಯುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಇದೂ ಹಾಗೆಯೇ ಎಂದುಕೊಂಡೆವು. ಆದರೆ ಆಕೆಯ ಪಕ್ಕದಲ್ಲಿ ಕುಳಿತ ತುಳುವಿನ ಮಕ್ಕಳೊಡನೆಯೂ ಆಕೆ ತುಳುವಿನಲ್ಲಿ ಒಂದು ಮಾತನ್ನೂ ಆಡಲಿಲ್ಲ. ಜುಲೈ ಕಳೆಯಿತು, ಆಗಸ್ಟ್ ಬಂದಿತು. ಮಳೆ ಇಳಿಮುಖವಾದರೂ ಮಗುವಿನ ಮೌನ ಮುರಿಯಲಿಲ್ಲ.

ತರಗತಿಯ ಉಪಾಧ್ಯಾಯಿನಿಯು ಬಂದು, “ಆ ಮಗು ಬೇಕೆಂದೇ ಹಟ ಹಿಡಿದಿದೆ” ಎಂದಳು. ನಾನು ಒಪ್ಪಿದೆನು. ಇಪ್ಪತ್ತು ವರ್ಷ ಮಕ್ಕಳನ್ನು ತಿದ್ದಿದವಳೆಂಬ ಹೆಮ್ಮೆ ನನಗಿದ್ದಿತು. ಒಂದು ಬೆಳಗ್ಗೆ ತರಗತಿಗೆ ಹೋಗಿ, ಹೆಸರು ಹೇಳುವವರೆಗೆ ಕುಳಿತುಕೊಳ್ಳಕೂಡದೆಂದು ಆ ಬಾಲಿಕೆಯನ್ನು ನಿಲ್ಲಿಸಿದೆನು. ಆಕೆ ನಿಂತಳು. ಅಳಲಿಲ್ಲ, ಕದಲಲಿಲ್ಲ, ಕೈಗಳು ಮಾತ್ರ ಲಂಗದ ಅಂಚನ್ನು ಹಿಡಿದುಕೊಂಡಿದ್ದವು. ನನಗೆ ಸಿಟ್ಟು ಬಂದು, “ಬಾಯಲ್ಲೇನು ಕಡುಬು ತುಂಬಿಕೊಂಡಿದ್ದೀಯಾ?” ಎಂದೆನು. ಉಳಿದ ಮಕ್ಕಳೆಲ್ಲರೂ ಗೊಳ್ಳೆಂದು ನಕ್ಕರು. ಪೂರ್ವಾಹ್ನದ ಗಂಟೆ ಹೊಡೆಯುವವರೆಗೂ ಆಕೆ ನಿಂತೇ ಇದ್ದಳು. ಶಾಲೆಯಲ್ಲಿ ಮಗುವಿಗೆ ಶಾರೀರಿಕ ಶಿಕ್ಷೆಯಾಗಲಿ ಮಾನಸಿಕ ಹಿಂಸೆಯಾಗಲಿ ಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ಆ ಪ್ರಕರಣವನ್ನು ಉಪಾಧ್ಯಾಯಿನಿಯರ ಸಭೆಯಲ್ಲಿ ಓದಿ ಹೇಳಿದವಳು ನಾನೇ. ಬೆತ್ತವನ್ನು ಮುಟ್ಟಲಿಲ್ಲವಾದುದರಿಂದ ನಾನು ತಪ್ಪು ಮಾಡಿದೆನೆಂದು ನನಗೆ ಹೊಳೆಯಲೇ ಇಲ್ಲ.

ಮರುದಿನದಿಂದ ಮಗುವಿಗೆ ಬೆಳಗ್ಗೆ ಹೊಟ್ಟೆನೋವು ಕಾಣಿಸಿಕೊಂಡಿತು. ನಾಲ್ಕನೆಯ ದಿನ ಅದರ ತಾಯಿಯೂ ಅಜ್ಜಿಯೂ ನನ್ನ ಕೋಣೆಗೆ ಬಂದರು. ಮಗುವಿನ ತಂದೆ ಗಲ್ಫಿನಲ್ಲಿ ದುಡಿಯುವವರು. ತಾಯಿ ಹೊಲಿಗೆ ಕೆಲಸ ಮಾಡುವವಳು. ಅಜ್ಜಿ ಬೀಡಿ ಕಟ್ಟುವವರು. “ಮನೆಯಲ್ಲಿ ಇವಳ ಬಾಯಿಗೆ ಬಿಡುವೇ ಇಲ್ಲ ಟೀಚರ್. ಹಾಡುತ್ತಾಳೆ, ಜಗಳವಾಡುತ್ತಾಳೆ, ಕೋಳಿಗಳನ್ನು ಬೈಯುತ್ತಾಳೆ. ಗೇಟು ದಾಟಿದರೆ ಕಲ್ಲಾಗುತ್ತಾಳೆ,” ಎಂದು ತಾಯಿ ತಲೆ ತಗ್ಗಿಸಿಕೊಂಡು ಮೆಲ್ಲನೆ ಹೇಳಿದಳು. ಅಜ್ಜಿಯು, “ದೃಷ್ಟಿ ತೆಗೆದಾಯಿತು, ಬಜೆ ತೇಯ್ದು ನಾಲಗೆಗೆ ಹಚ್ಚಿದ್ದಾಯಿತು; ಇನ್ನು ನೀವೇ ದಾರಿ ತೋರಿಸಬೇಕು,” ಎಂದರು. ಮನೆಯಲ್ಲಿ ಮಾತಿನಮಲ್ಲಿಯಾಗಿರುವ ಮಗು ಶಾಲೆಯಲ್ಲಿ ಕಲ್ಲಾಗುವುದು ಹಟವೋ ಅಥವಾ ಬೇರೇನಾದರೂ ಆಗಿರಬಹುದೋ ಎಂಬ ಸಂದೇಹ ನನಗೆ ಆಗ ಮೊದಲ ಸಾರಿ ಹುಟ್ಟಿತು. ಆ ರಾತ್ರಿಯೇ ನಮ್ಮ ಹಳೆಯ ವಿದ್ಯಾರ್ಥಿನಿಗೆ ಫೋನು ಮಾಡಿದೆನು.

ಮಗುವನ್ನು ಕೂಡಲೇ ಕರೆತನ್ನಿರೆಂದು ಆಕೆ ಹೇಳುವಳೆಂದು ತಿಳಿದಿದ್ದೆನು. ಆದರೆ, ಮೊದಲು ಕಿವಿಯ ಪರೀಕ್ಷೆ ಮಾಡಿಸಿ, ಆಮೇಲೆ ದೊಡ್ಡವರು ಮಾತ್ರ ಬನ್ನಿ ಎಂದಳು. ಕಿವಿಯಲ್ಲಿ ದೋಷವಿರಲಿಲ್ಲ. ತಾಯಿ, ಅಜ್ಜಿ, ತರಗತಿಯ ಉಪಾಧ್ಯಾಯಿನಿ, ನಾನು, ನಾಲ್ವರೂ ಒಂದು ಶನಿವಾರ ಬಸ್ಸು ಹತ್ತಿ ಹೋದೆವು. ತಂದೆಯನ್ನು ಫೋನಿನ ಪರದೆಯ ಮೇಲೆ ಕರೆಯಿಸಿಕೊಂಡಳು. ಮಗು ಹುಟ್ಟಿದ್ದು ಹೇಗೆ, ಮಾತು ಬಂದದ್ದು ಯಾವಾಗ, ರಾತ್ರಿ ಯಾರ ಪಕ್ಕದಲ್ಲಿ ಮಲಗುತ್ತದೆ, ತಂದೆ ರಜೆ ಮುಗಿಸಿ ಹೊರಡುವ ದಿನ ಏನು ಮಾಡುತ್ತದೆ, ನೆಂಟರು ಬಂದರೆ ಎಲ್ಲಿ ಅಡಗುತ್ತದೆ, ಯಾರೊಡನೆ ಪಿಸುಮಾತಾಡುತ್ತದೆ, ಯಾರೊಡನೆ ತಲೆಯನ್ನಷ್ಟೇ ಆಡಿಸುತ್ತದೆ ಎಂಬುದಾಗಿ ಸುಮಾರು ಒಂದೂವರೆ ಗಂಟೆ ಕೇಳಿದಳು. ಯಾರ ಮಾತನ್ನೂ ಅಲ್ಲಗಳೆಯಲಿಲ್ಲ. ಅಜ್ಜಿಯು ಬಜೆಯ ಸಂಗತಿ ಹೇಳಿದಾಗಲೂ ನಗದೆ, “ಮೊಮ್ಮಗಳಿಗಾಗಿ ನೀವು ಎಷ್ಟು ಕಷ್ಟಪಟ್ಟಿದ್ದೀರಿ ಅಜ್ಜಿ,” ಎಂದಳು. ಅಜ್ಜಿಯ ಬಿಗಿದ ಮುಖ ಆ ಒಂದು ಮಾತಿನಿಂದ ಸಡಿಲವಾಯಿತು. ಎಳೆಯ ಮಕ್ಕಳ ಚಿಕಿತ್ಸೆಯ ಅರ್ಧ ಕೆಲಸ ಮಗುವಿನ ಸುತ್ತಲಿರುವ ದೊಡ್ಡವರೊಡನೆ ನಡೆಯತಕ್ಕದ್ದೆಂದೂ, ಅವರನ್ನು ದೂಷಿಸಿದರೆ ಬಾಗಿಲು ಅಲ್ಲಿಗೇ ಮುಚ್ಚುವುದೆಂದೂ ಆಕೆ ನನಗೆ ಅನಂತರ ತಿಳಿಸಿದಳು.

ಮುಂದಿನ ವಾರ ಮಗು ಬಂದಾಗ ಆಕೆಯ ಕೋಣೆಯನ್ನು ನಾನು ಬಾಗಿಲ ಸಂದಿನಿಂದ ನೋಡಿದೆನು. ಮೇಜಿಲ್ಲ, ಕುರ್ಚಿಯಿಲ್ಲ. ಒಂದು ಚಾಪೆ, ತಟ್ಟೆಯ ತುಂಬ ಮರಳು, ಮಣ್ಣಿನ ಮುದ್ದೆ, ಮರದ ಹಸು ಕರು, ಬಟ್ಟೆಯ ಬೊಂಬೆಗಳು, ಪುಟ್ಟ ಪಾತ್ರೆಗಳು. ಆಕೆ ಮಗುವಿನ ಎದುರಿಗೆ ಕೂರದೆ ಪಕ್ಕಕ್ಕೆ ಕುಳಿತಳು. ಹೆಸರು ಕೇಳಲಿಲ್ಲ, ತರಗತಿ ಕೇಳಲಿಲ್ಲ. ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಮಗು ಮಾಡುವುದನ್ನೇ ಮೆಲುದನಿಯಲ್ಲಿ ಹೇಳುತ್ತಿದ್ದಳು: “ಹಸು ಕೊಟ್ಟಿಗೆಗೆ ಹೋಯಿತು. ಕರು ಹೊರಗೆ ಉಳಿಯಿತು. ಕರುವಿಗೆ ಈಗ ಹೇಗಾಗುತ್ತದೋ!” ಮಗು ಕರುವನ್ನೂ ಒಳಗೆ ತಂದಿಟ್ಟಿತು. ದೊಡ್ಡವರು ಮಾತಿನಲ್ಲಿ ಹೇಳುವುದನ್ನು ಚಿಕ್ಕ ಮಕ್ಕಳು ಆಟದಲ್ಲಿ ಹೇಳುವರೆಂಬುದೇ ಈ ಚಿಕಿತ್ಸೆಯ ಮೂಲತತ್ತ್ವ. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ಎಂಬಾಕೆಯು 1947ರಲ್ಲಿ ಆಟದ ಚಿಕಿತ್ಸೆಯ ಮೇಲೆ ಬರೆದ ಗ್ರಂಥವು ಈ ಕೆಲಸದವರಿಗೆ ಇಂದಿಗೂ ಪರಿಚಿತವಾಗಿದೆ. ಮಗುವನ್ನು ಅವಸರಪಡಿಸದೆ, ಅದು ಹೋದ ದಾರಿಯಲ್ಲಿ ತಾನು ಹಿಂಬಾಲಿಸುವುದೇ ಅಲ್ಲಿಯ ಮುಖ್ಯ ಬೋಧೆ. ನಾವು ಉಪಾಧ್ಯಾಯಿನಿಯರು ಮಾಡುವುದಕ್ಕೆ ಇದು ಪೂರ್ತಿ ತಿರುಗುಮುರುಗು.

ಈ ಸ್ಥಿತಿಗೆ ಸೆಲೆಕ್ಟಿವ್ ಮ್ಯೂಟಿಸಂ ಎಂಬ ಹೆಸರಿದೆಯೆಂದು ಆಕೆ ಹೇಳಿ, ಆ ಹೆಸರಿನ ಕಥೆಯನ್ನೂ ತಿಳಿಸಿದಳು. 1877ರಲ್ಲಿ ಕುಸ್‌ಮೌಲ್ ಎಂಬ ಜರ್ಮನ್ ವೈದ್ಯರು ಇದನ್ನು ವರ್ಣಿಸಿ, ರೋಗಿಯು ಬೇಕೆಂದೇ ಮಾತು ಬಿಟ್ಟ ಸ್ಥಿತಿಯೆಂಬ ಅರ್ಥದ ಹೆಸರಿಟ್ಟರು. 1934ರಲ್ಲಿ ಟ್ರಾಮರ್ ಎಂಬ ಸ್ವಿಟ್ಸರ್ಲೆಂಡಿನ ಮಕ್ಕಳ ಮನೋವೈದ್ಯರು ಅದನ್ನು ಮಗು ತಾನೇ ಆರಿಸಿಕೊಂಡ ಮೌನವೆಂದು ಕರೆದರು. 1994ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ಆ ಹೆಸರನ್ನು ಬದಲಾಯಿಸಿ, ಕೆಲವು ಸನ್ನಿವೇಶಗಳಲ್ಲಿ ಮಾತ್ರ ಬರುವ ಮೌನವೆಂಬ ಅರ್ಥ ಬರುವಂತೆ ಮಾಡಿತು. 2013ರ ಆವೃತ್ತಿಯಲ್ಲಿ ಅದನ್ನು ಆತಂಕದ ವ್ಯಾಧಿಗಳ ಗುಂಪಿಗೆ ಸೇರಿಸಿದರು. ಮಗು ಮಾತನಾಡಲು ಒಲ್ಲದೆ ಸುಮ್ಮನಿರುವುದಲ್ಲ. ಅಂಜಿಕೆಯಿಂದ ಗಂಟಲು ಕಟ್ಟಿ ಮಾತನಾಡಲಾರದೆ ಸುಮ್ಮನಿರುವುದು. “ಕಲಿತ ವೈದ್ಯರಿಗೇ ಇದು ಹಟವಲ್ಲವೆಂದು ಒಪ್ಪಿಕೊಳ್ಳಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು ಟೀಚರ್. ನಿಮಗೆ ಮೂರು ತಿಂಗಳು ಬೇಕಾದದ್ದು ಹೆಚ್ಚಲ್ಲ,” ಎಂದಳು. ನನ್ನನ್ನು ಸಮಾಧಾನಪಡಿಸಲು ಆಡಿದ ಮಾತೆಂದು ನನಗೆ ತಿಳಿಯದಿರಲಿಲ್ಲ.

ನಾಲ್ಕನೆಯ ಭೇಟಿಯ ದಿನ ತಾಯಿಯು ತನ್ನ ಫೋನಿನಲ್ಲಿ ಮಗುವಿನ ಆಟದ ಧ್ವನಿಯನ್ನು ಹಿಡಿದು ತಂದಿದ್ದಳು. ಮನೆಯಲ್ಲಿ ಮಗು ಹೇಗೆ ಮಾತನಾಡುತ್ತದೆಂಬುದನ್ನು ಕೇಳಲು ನಮ್ಮ ವಿದ್ಯಾರ್ಥಿನಿಯೇ ಅದನ್ನು ತರಿಸಿದ್ದಳು. “ಟೀಚರ್, ನೀವೂ ಕೇಳಬಹುದೆಂದು ಇವರು ಒಪ್ಪಿದ್ದಾರೆ. ಆದರೆ ಕೇಳಿ ನೊಂದುಕೊಳ್ಳಬೇಡಿ,” ಎಂದು ಎಚ್ಚರಿಸಿದಳು. ಮೊದಲು ಕೋಳಿಗಳ ಸದ್ದು, ಆಮೇಲೆ ಗಂಟೆಯಂತೆ ಸ್ಪಷ್ಟವಾದ ಎಳೆಯ ಕಂಠ. ಶಾಲೆಯಾಟ ನಡೆದಿತ್ತು. ಬೊಂಬೆಗಳನ್ನು ಸಾಲಾಗಿ ಕೂರಿಸಿ ಮಗು ಹಾಜರಿ ಕರೆಯುತ್ತಿತ್ತು. ಒಂದು ಬೊಂಬೆಗೆ ಮಾತು ಬರಲಿಲ್ಲ. ಕೂಡಲೇ ಧ್ವನಿ ಬದಲಾಯಿತು. ತುಳು ಹೋಗಿ ಕನ್ನಡ ಬಂದಿತು. “ನಿಲ್ಲು! ಬಾಯಲ್ಲೇನು ಕಡುಬು ತುಂಬಿಕೊಂಡಿದ್ದೀಯಾ?” ಅದು ನನ್ನ ಧ್ವನಿ, ನನ್ನ ಏರಿಳಿತ. ಮರುಕ್ಷಣ ಮಗು ತನ್ನ ಸ್ವಂತ ದನಿಗೆ ಮರಳಿ ಆ ಬೊಂಬೆಯೊಡನೆ ತುಳುವಿನಲ್ಲಿ ಏನನ್ನೋ ಪಿಸುಗುಟ್ಟಿತು. ಏನೆಂದಳೆಂದು ತಾಯಿಯನ್ನು ಕೇಳಿದೆನು. “‘ಅಳಬೇಡ, ನಾನು ಯಾರಿಗೂ ಹೇಳುವುದಿಲ್ಲ’ ಎಂದಳು ಟೀಚರ್,” ಎಂದು ತಾಯಿ ಉತ್ತರ ಕೊಟ್ಟಳು. ನಾನು ಆ ಮಗುವಿನ ಕಂಠವನ್ನು ಕೇಳಿದ್ದು ಅದೇ ಮೊದಲು.

ಹಿಂದಿರುಗುವಾಗ ಬಸ್ಸಿನಲ್ಲಿ ಕುಳಿತು ಯೋಚಿಸಿದೆನು. ಕಡುಬಿನ ಆ ಮಾತು ನಾನು ಕಟ್ಟಿದ್ದಲ್ಲ. ನಾನು ಮಿಶನ್ನಿನ ಬೋರ್ಡಿಂಗಿನಲ್ಲಿದ್ದ ಎಂಟು ವರ್ಷದ ಹುಡುಗಿಯಾಗಿದ್ದಾಗ, ಬಾಯಿಪಾಠ ಮರೆತು ನಿಂತ ನನಗೆ ನನ್ನ ಉಪಾಧ್ಯಾಯಿನಿಯೊಬ್ಬರು ಹೇಳಿದ ಮಾತು. ಆ ದಿನ ನನಗಾದ ಅವಮಾನವನ್ನು ನಾನು ಮರೆತಿದ್ದೆನು. ಮಾತನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದೆನು. ಇದನ್ನು ನಮ್ಮ ವಿದ್ಯಾರ್ಥಿನಿಗೆ ತಿಳಿಸಿದಾಗ ಆಕೆಯು, ಸೆಲ್ಮಾ ಫ್ರೈಬರ್ಗ್ ಎಂಬ ಅಮೆರಿಕದ ವಿದುಷಿಯು ತನ್ನ ಇಬ್ಬರು ಜೊತೆಗಾರ್ತಿಯರೊಡನೆ 1975ರಲ್ಲಿ ಪ್ರಕಟಿಸಿದ ಒಂದು ಲೇಖನದ ವಿಚಾರ ಹೇಳಿದಳು. ಶಿಶುವಿನ ಕೋಣೆಯಲ್ಲಿ ಪ್ರೇತಗಳಿವೆ ಎಂಬುದು ಅದರ ಶಿರೋನಾಮೆಯ ಭಾವ. ಆ ಪ್ರೇತಗಳು ಬೇರಾವುವೂ ಅಲ್ಲ; ತಾಯ್ತಂದೆಗಳು ತಮ್ಮ ಬಾಲ್ಯದಲ್ಲಿ ನುಂಗಿಕೊಂಡ ನೋವುಗಳು. ನೋವನ್ನು ನೋವೆಂದು ನೆನೆದುಕೊಳ್ಳಬಲ್ಲವರು ಅದನ್ನು ಮಕ್ಕಳಿಗೆ ದಾಟಿಸುವುದು ಕಡಮೆ. ಅದನ್ನು ಮರೆತವರೇ ತಿಳಿಯದೆ ದಾಟಿಸುತ್ತಾರೆ ಎಂಬುದು ಆ ವಿದುಷಿಯು ಕಂಡುಕೊಂಡ ಸಂಗತಿ. ತಾಯ್ತಂದೆಗಳ ವಿಷಯದಲ್ಲಿ ಹೇಳಿದ್ದು ಉಪಾಧ್ಯಾಯಿನಿಯರಿಗೂ ಸಲ್ಲುವುದೆಂದು ನನಗೆ ತೋರಿತು.

ಇನ್ನೊಂದು ಸಂಗತಿ ನಮ್ಮ ಶಾಲೆಯನ್ನೇ ಮುಟ್ಟುವಂಥದು. ಒಂದು ದಿನ ನಮ್ಮ ವಿದ್ಯಾರ್ಥಿನಿಯು ಆ ತಾಯಿಯನ್ನು, “ನೀವು ಚಿಕ್ಕಂದಿನಲ್ಲಿ ಶಾಲೆಯಲ್ಲಿ ಹೇಗಿದ್ದಿರಿ?” ಎಂದು ಸಹಜವಾಗಿ ಕೇಳಿದಳು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗಿನಿಂದ ಕಣ್ಣೊರಸಿಕೊಂಡು, “ನಾನೂ ಮಾತನಾಡುತ್ತಿರಲಿಲ್ಲ. ಆದರೆ ನನ್ನನ್ನು ಯಾರೂ ಬೈಯಲಿಲ್ಲ. ಯಾರಿಗೂ ಗೊತ್ತೇ ಆಗಲಿಲ್ಲ,” ಎಂದಳು. ಆಕೆ ಓದಿದ್ದು ನಮ್ಮ ಪ್ರಾಥಮಿಕ ಶಾಲೆಯಲ್ಲಿಯೇ, ನಾನು ಇಲ್ಲಿಗೆ ಬರುವುದಕ್ಕೆ ಮುಂಚೆ. ಹಳೆಯ ದಾಖಲೆಗಳ ಬೀರುವನ್ನು ತೆಗೆಸಿ ಹುಡುಕಿದೆನು. ಏಳು ವರ್ಷದ ಪ್ರಗತಿಪತ್ರಗಳಲ್ಲಿಯೂ ಒಂದೇ ಬರಹ: “ಸ್ವಭಾವ: ಬಹು ಶಾಂತ. ನಡತೆ: ಅತ್ಯುತ್ತಮ.” ಗಲಾಟೆ ಮಾಡುವ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಸುಮ್ಮನಿರುವ ಮಗುವನ್ನು, ಅದರಲ್ಲಿಯೂ ಹೆಣ್ಣುಮಗುವನ್ನು, ನಾವು ಹೊಗಳಿ ಬಿಟ್ಟುಬಿಡುತ್ತೇವೆ. ಈ ಬಗೆಯ ಅಂಜಿಕೆಯ ಸ್ವಭಾವವು ಮನೆತನದಲ್ಲಿ ಇಳಿದುಬರುವುದುಂಟೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಆದುದರಿಂದ ಅದು ತಾಯಿಯ ತಪ್ಪಾಗಲಿ ಮಗುವಿನ ತಪ್ಪಾಗಲಿ ಅಲ್ಲ. ಏಳು ವರ್ಷ ಒಂದು ಮಗುವಿನ ದನಿ ಕೇಳದೆ ಅದಕ್ಕೆ “ಅತ್ಯುತ್ತಮ” ಎಂದು ಬರೆದದ್ದು ಮಾತ್ರ ನಮ್ಮ ತಪ್ಪೇ ಸರಿ.

ಇನ್ನು ಉಪಾಯದ ವಿಷಯ. ಔಷಧಿಯ ಅಗತ್ಯ ಬೀಳಲಿಲ್ಲ. ಮಗು ಯಾರೊಡನೆ ಧೈರ್ಯವಾಗಿ ಮಾತನಾಡುವುದೋ ಅವರೊಡನೆ ಅದನ್ನು ಶಾಲೆಯೊಳಕ್ಕೆ ತಂದು, ಆಮೇಲೆ ಹೊಸಬರನ್ನು ಅಂಗುಲ ಅಂಗುಲವಾಗಿ ಸಮೀಪಕ್ಕೆ ತರುವುದೇ ಉಪಾಯ. ವಾರಕ್ಕೆ ಮೂರು ದಿನ, ಸಾಯಂಕಾಲದ ಗಂಟೆ ಹೊಡೆದು ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಖಾಲಿ ತರಗತಿಯಲ್ಲಿ ತಾಯಿಯೂ ಮಗುವೂ ಕಾಲುಗಂಟೆ ಆಡತಕ್ಕದ್ದು. ಯಾವ ಆಟವೆಂಬ ಪ್ರಶ್ನೆ ಬಂದಾಗ ಅಜ್ಜಿಯು ಅಟ್ಟದಿಂದ ಚೆನ್ನೆಮಣೆಯನ್ನು ಇಳಿಸಿಕೊಟ್ಟರು. ಅದು ಆಟಿ ತಿಂಗಳ ಆಟ. ಆಗ ಆಟಿ ಕಳೆದುಹೋಗಿತ್ತು. “ಮೊಮ್ಮಗಳ ಬಾಯಿ ತೆರೆಯುವುದಾದರೆ ಯಾವ ತಿಂಗಳಾದರೇನು?” ಎಂದರು ಆ ವೃದ್ಧೆ. ಮೊದಲ ವಾರ ಬಾಗಿಲು ಮುಚ್ಚಿತ್ತು. ನಾನು ಮೊಗಸಾಲೆಯ ಕೊನೆಯಲ್ಲಿದ್ದೆನು. ಎರಡನೆಯ ವಾರ ಬಾಗಿಲು ಅರೆ ತೆರೆದಿತ್ತು. ನಾನು ಅದರ ಮುಂದೆ ನಿಲ್ಲದೆ ಹಾದುಹೋಗುತ್ತಿದ್ದೆನು. ಮೂರನೆಯ ವಾರ ಒಳಗೆ ಬಂದು ದೂರದ ಮೇಜಿನಲ್ಲಿ ಬೆನ್ನು ತಿರುಗಿಸಿ ಪುಸ್ತಕಗಳನ್ನು ತಿದ್ದುತ್ತ ಕುಳಿತೆನು. ಮಗುವನ್ನು ನೋಡಕೂಡದು, ಕೇಳಕೂಡದು, ಮಾತು ಕಿವಿಗೆ ಬಿದ್ದರೂ ಬೆರಗು ತೋರಿಸಕೂಡದು ಎಂಬ ಮೂರು ಅಪ್ಪಣೆಗಳಾಗಿದ್ದವು. ಒಂದು ದಿನ ಅವಸರಪಟ್ಟು ಹತ್ತಿರದ ಬೆಂಚಿಗೆ ಬಂದು ಕುಳಿತೆನು. ಮಗು ಒಡನೆ ಮೌನವಾಯಿತು. ಒಂದು ವಾರದ ಕೆಲಸ ಹಾಳಾಯಿತು. ಮತ್ತೆ ಬಾಗಿಲಿನಿಂದ ಆರಂಭಿಸಬೇಕಾಯಿತು.

ಚೆನ್ನೆಮಣೆಯಲ್ಲಿ ಹದಿನಾಲ್ಕು ಗುಳಿಗಳು; ಒಂದೊಂದಕ್ಕೆ ನಾಲ್ಕು ನಾಲ್ಕು ಬೀಜ. ಆರನೆಯ ವಾರ ಒಂದು ಸಂಜೆ ನಾನು ಎಂದಿನಂತೆ ಬೆನ್ನು ತಿರುಗಿಸಿ ಕುಳಿತಿದ್ದೆನು. ತಾಯಿಯು ಗುಳಿಗಳನ್ನು ತುಂಬಿಸುತ್ತ, “ಒಂಜಿ, ರಡ್ಡ್, ಮೂಜಿ” ಎಂದು ಎಣಿಸಿ ನಿಲ್ಲಿಸಿದಳು. ಕೋಣೆಯಲ್ಲಿ ನಿಶ್ಶಬ್ದ. ಬೀಜ ಗುಳಿಗೆ ಬಿದ್ದ ಸದ್ದಿನೊಡನೆ “ನಾಲ್” ಎಂಬ ಸಣ್ಣ ಸ್ವರವೊಂದು ಕೇಳಿಸಿತು. ಕೆಂಪು ಶಾಯಿಯ ಲೇಖನಿ ನನ್ನ ಕೈಯಲ್ಲಿ ನಡುಗಿ ಒಂದು ನಿರಪರಾಧಿ ಬಾಲಿಕೆಯ ಪುಸ್ತಕದ ಮೇಲೆ ಗೀಟೆಳೆಯಿತು. ನಾನು ತಿರುಗಿ ನೋಡಲಿಲ್ಲ. ನೋಡದೆ ಕುಳಿತಿರುವುದು ನನ್ನ ಇಪ್ಪತ್ತು ವರ್ಷಗಳ ಉಪಾಧ್ಯಾಯವೃತ್ತಿಯಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸವಾಗಿತ್ತು.

ಕ್ರಿಸ್ಮಸ್ ರಜೆಗೆ ಮುಂಚೆ ಮಗು ನನ್ನೊಡನೆ ಚೆನ್ನೆಯಾಡಿ ನನ್ನನ್ನು ಸೋಲಿಸಿತು. ಫೆಬ್ರವರಿಯಲ್ಲಿ ಪಕ್ಕದ ಗೆಳತಿಯ ಕಿವಿಯಲ್ಲಿ ಮಾತನಾಡಿತು. ಮರುವರ್ಷ ಹಾಜರಿಗೆ ಉತ್ತರ ಕೊಟ್ಟಿತು. ಇಂದಿಗೂ ಆಕೆಯದು ತಗ್ಗಿದ ದನಿ. ವೇದಿಕೆಯ ಮೇಲೆ ಹಾಡೆಂದರೆ ಹಾಡಲಾರಳು. ನಾವು ಬಲವಂತಪಡಿಸುವುದೂ ಇಲ್ಲ. ಒಂದು ದಿನ ಆಕೆಯನ್ನು ಹತ್ತಿರ ಕೂರಿಸಿಕೊಂಡು, “ಆ ದಿನ ನಿನ್ನನ್ನು ನಿಲ್ಲಿಸಿದ್ದು ನನ್ನ ತಪ್ಪು ಮಗಳೇ, ಕ್ಷಮಿಸು,” ಎಂದೆನು. ಮಗು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ಆಗಲಿ,” ಎಂದಿತು. ಆಗಿನ ತರಗತಿಯ ಉಪಾಧ್ಯಾಯಿನಿಯೂ ನಾನೂ ಸೇರಿ ಪ್ರಗತಿಪತ್ರದಲ್ಲಿ “ಶಾಂತ ಸ್ವಭಾವ” ಎಂದು ಬರೆಯುವುದಕ್ಕೆ ಮುಂಚೆ ಆ ಮಗುವಿನ ದನಿಯನ್ನು ಈ ವರ್ಷ ಎಷ್ಟು ಸಾರಿ ಕೇಳಿದ್ದೇವೆಂದು ನಮ್ಮನ್ನೇ ಕೇಳಿಕೊಳ್ಳುವ ಪದ್ಧತಿಯನ್ನು ಮಾಡಿದ್ದೇವೆ.

ಈ ಕೆಲಸವು ಉಪಾಧ್ಯಾಯರಿಗೆ ಹೊರಗಿನದಲ್ಲವೆಂಬುದನ್ನು ಓದಿ ತಿಳಿದು ನನಗೆ ಸಂತೋಷವಾಯಿತು. 1896ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೈಟ್ನರ್ ವಿಟ್ಮರ್ ಎಂಬ ಪ್ರೊಫೆಸರರು ಮೊತ್ತಮೊದಲ ಮನಶ್ಶಾಸ್ತ್ರದ ಚಿಕಿತ್ಸಾಲಯವನ್ನು ತೆರೆದದ್ದು, ಕಾಗುಣಿತ ಬಾರದ ಬಾಲಕನೊಬ್ಬನನ್ನು ಅವನ ಉಪಾಧ್ಯಾಯಿನಿಯು ಅವರ ಬಳಿಗೆ ಕರೆತಂದುದರಿಂದ. ಆನ್ನಾ ಫ್ರಾಯ್ಡ್ ಮೊದಲು ವಿಯೆನ್ನಾ ಪಟ್ಟಣದಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿದ್ದವರು. 1941ರಲ್ಲಿ ಅವರು ಡೊರೊಥಿ ಬರ್ಲಿಂಗ್‌ಹ್ಯಾಮ್ ಅವರೊಡನೆ ಲಂಡನ್ನಿನಲ್ಲಿ ಯುದ್ಧಕಾಲದ ಶಿಶುಗೃಹವನ್ನು ಆರಂಭಿಸಿದರು. ಅಲ್ಲಿ ಬಾಂಬುಗಳ ಭೀತಿಗಿಂತ ತಾಯಿಯ ಅಗಲಿಕೆಯೇ ಎಳೆಯ ಮಕ್ಕಳನ್ನು ಹೆಚ್ಚು ನೋಯಿಸುವುದೆಂದು ಕಂಡುಕೊಂಡರು. ನಮ್ಮ ದೇಶದಲ್ಲಿ 1937ರಲ್ಲಿಯೇ ಮುಂಬಯಿಯ ಟಾಟಾ ಸಮಾಜಸೇವಾ ವಿದ್ಯಾಲಯದಲ್ಲಿ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವು ಆರಂಭವಾಯಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದಲ್ಲಿ ಹೊರಟ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ನಮ್ಮ ವಿದ್ಯಾರ್ಥಿನಿಯ ಕೆಲಸದಲ್ಲಿ ಎಲ್ಲವೂ ಹೀಗೆ ಸುಖಾಂತವಾಗುವುದೆಂದು ತಿಳಿಯಬಾರದು. ಮೂರು ಸಾರಿ ಬಂದು ನಾಲ್ಕನೆಯ ಸಾರಿ ಬಾರದೆ ಹೋಗುವ ಕುಟುಂಬಗಳುಂಟು. ಬಸ್ಸಿನ ಖರ್ಚಿಗಾಗಿ, ಒಂದು ದಿನದ ಕೂಲಿಗಾಗಿ, ನೆರೆಹೊರೆಯವರ ಮಾತಿಗೆ ಅಂಜಿ ನಿಂತುಹೋಗುವವರು ಅನೇಕರು. “ನಮ್ಮ ಮಗುವಿಗೇನು ಹುಚ್ಚೇ?” ಎಂದು ಎದ್ದುಹೋದ ತಂದೆಯರುಂಟು. ಮಗುವಿನ ಆಟದಲ್ಲಿ ಮನೆಯ ಕುಡಿತ, ಹೊಡೆತಗಳು ಹೊರಬಿದ್ದಾಗ ಅದನ್ನು ಕೇಳಿಯೂ ಮನೆಗೆ ಹೋಗಿ ನಿದ್ದೆ ಮಾಡುವುದು ಸುಲಭವಲ್ಲ. ತಾನೂ ತನ್ನ ಹಿರಿಯರಾದ ವೈದ್ಯರೊಬ್ಬರ ಮುಂದೆ ವಾರಕ್ಕೊಮ್ಮೆ ಕುಳಿತು ತನ್ನ ಭಾರವನ್ನು ಇಳಿಸಿಕೊಳ್ಳುವುದುಂಟೆಂದು ಆಕೆ ಒಮ್ಮೆ ಹೇಳಿದಳು. “ನಾನು ಮಗುವನ್ನು ಗುಣಪಡಿಸುವುದಿಲ್ಲ ಟೀಚರ್. ಮಗುವನ್ನು ದಿನವೂ ನೋಡಿಕೊಳ್ಳುವವರಿಗೆ ಮಗು ಅರ್ಥವಾಗುವಂತೆ ಮಾಡುತ್ತೇನೆ. ಉಳಿದದ್ದನ್ನು ಅವರೇ ಮಾಡುತ್ತಾರೆ,” ಎಂಬುದು ಆಕೆಯ ಮಾತು.

ಪ್ರಿಯ ತಾಯ್ತಂದೆಗಳೇ, ನನ್ನ ಅರಿಕೆ ಇಷ್ಟೆ. ಶಾಲೆಗೆ ಸೇರಿದ ಮೊದಲ ತಿಂಗಳಿನ ನಾಚಿಕೆ ಸಹಜವಾದುದು. ಆ ತಿಂಗಳು ಕಳೆದ ಮೇಲೂ ಮನೆಯಲ್ಲಿ ಮಾತನಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಮಾತನಾಡದಿದ್ದರೆ, ಅಥವಾ ಕಾರಣವಿಲ್ಲದೆ ಪ್ರತಿ ಬೆಳಗ್ಗೆ ಹೊಟ್ಟೆನೋವೆಂದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದನ್ನು ಪುನಃ ಆರಂಭಿಸಿದರೆ, ಆಟವನ್ನೇ ಬಿಟ್ಟರೆ, ಬೈಯುವುದಕ್ಕೆ ಮುಂಚೆ ನಮ್ಮೊಡನೆ ಮಾತನಾಡಿರಿ. “ಹಲೋ ಹೇಳು, ಮಾಮನಿಗೆ ಹೆಸರು ಹೇಳು” ಎಂದು ಎಲ್ಲರೆದುರಿಗೆ ಒತ್ತಾಯ ಮಾಡಬೇಡಿರಿ. ಮಗುವಿನ ಬದಲಿಗೆ ಎಲ್ಲ ಮಾತನ್ನೂ ನೀವೇ ಆಡಿಬಿಡಲೂ ಬೇಡಿರಿ. ಕೇಳಿ, ಸ್ವಲ್ಪ ಕಾಯಿರಿ. “ನಿನಗೆ ಏನಾಗಿದೆ ಕೇಡು?” ಎಂಬುದರ ಬದಲಿಗೆ “ನಿನಗೆ ಯಾವುದು ಕಷ್ಟವಾಗುತ್ತಿದೆ?” ಎಂದು ನೋಡಿರಿ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ವಿಚಾರಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಸೇವೆಗೆ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ, ಹಣವಿಲ್ಲದೆ, ಸಲಹೆ ದೊರೆಯುತ್ತದೆ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರಾದರೂ ಇದೇ ಬೆಂಚುಗಳ ಮೇಲೆ ವರ್ಷಗಟ್ಟಲೆ ಸುಮ್ಮನೆ ಕುಳಿತು, “ಅತ್ಯುತ್ತಮ” ಎಂಬ ಬರಹವನ್ನು ಮನೆಗೆ ಕೊಂಡೊಯ್ದು, ಒಳಗೊಳಗೇ ನೊಂದವರಿದ್ದರೆ, ಶಾಲೆಯ ಪರವಾಗಿ ನಾನು ನಿಮ್ಮ ಕ್ಷಮೆ ಬೇಡುತ್ತೇನೆ. ಮುಂದಿನ ಹಳೆಯ ವಿದ್ಯಾರ್ಥಿನಿಯರ ದಿನ ತಪ್ಪದೆ ಬನ್ನಿರಿ. ಚೆನ್ನೆಮಣೆಯನ್ನು ಆ ಅಜ್ಜಿಯು ನಮ್ಮ ಶಾಲೆಗೇ ದಾನವಾಗಿ ಕೊಟ್ಟಿದ್ದಾರೆ. ಅದು ಒಂದನೆಯ ತರಗತಿಯ ಕಿಟಕಿಯ ಬಳಿ ಇದೆ. ಮಾತನಾಡಬೇಕೆಂಬ ಕಟ್ಟುಪಾಡಿಲ್ಲ, ಬಂದು ಕುಳಿತು ಒಂದು ಆಟ ಆಡಿದರೂ ನಮಗೆ ಸಂತೋಷವೇ.

ಮುಖ್ಯೋಪಾಧ್ಯಾಯಿನಿ